ಹಿಂದಿನ ಸೀಟಿನ ಬೆಲ್ಟ್

ಮೈಸೂರಿಗೆ ಮದುವೆಗೆ ಹೊರಟಿದ್ದೀವಿ, ಬಿಡದಿ ಹತ್ತಿರ ಕಾಫಿಗೆ ನಿಂತಾಗ ಬರೀತಿದೀನಿ. ಬಾಡಿಗೆ ಕಾರು. ಹಿಂದಿನ ಸೀಟಲ್ಲಿ ಬೆಲ್ಟ್ ಇದೆ, ಸಿಕ್ಕಿಸೋ ಬಕಲ್ ಮಾತ್ರ ಸೀಟ್ ಕವರಿನ ಅಡಿ ಹೂತುಹೋಗಿದೆ. ಸಂದಿಗೆ ಬೆರಳು ತೂರಿಸಿ ಎಳೆದರೆ ಕಡಲೆಕಾಯಿ ಸಿಪ್ಪೆ ಸಮೇತ ಬಂತು. "ಹಿಂದೆ ಕೂತವರಿಗೆ ಯಾಕೆ ಮೇಡಂ, ಬೇಡ" ಅಂದರು ಚಾಲಕರು.

ಬೇಕು. ಕಾನೂನಿನ ಪ್ರಕಾರವೂ ಬೇಕು, ಹಾಕದಿದ್ದರೆ 1,000 ರೂಪಾಯಿ ದಂಡ. ದಂಡದ ಮಾತು ಬಿಡಿ. 80 ಕಿ.ಮೀ. ವೇಗದಲ್ಲಿದ್ದ ಕಾರು ಗುದ್ದಿ ನಿಂತರೆ, ಬೆಲ್ಟ್ ಇಲ್ಲದ ಮೈ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತೆ. ಮುಂದಿನ ಸೀಟಿಗೆ ಬಡಿದು, ಅಲ್ಲಿ ಬೆಲ್ಟ್ ಹಾಕಿ ಕೂತವರ ಜೀವಕ್ಕೂ ಕುತ್ತು. ಏರ್‌ಬ್ಯಾಗ್ ಇದೆಯಲ್ಲ ಅನ್ನೋರಿಗೆ: ಅದು ಬೆಲ್ಟಿನ ಜೊತೆಗೆ ಕೆಲಸ ಮಾಡೋದು, ಬದಲಿಗೆ ಅಲ್ಲ. 2022ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಕಾರು ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಕೂತಿದ್ದು ಹಿಂದಿನ ಸೀಟಲ್ಲೇ, ಬೆಲ್ಟ್ ಇರಲಿಲ್ಲ ಅಂದರು ಪೊಲೀಸರು. ಮುಂದಿದ್ದ ಇಬ್ಬರೂ ಉಳಿದರು. ಅದೂ ಮರ್ಸಿಡಿಸ್ ಕಾರು.

ಊರೆಲ್ಲ ಮಾತಾಡಿದೆವು, ಮರೆತೆವು.

ನಮ್ಮತ್ತೆ ಈಗ ಹಾಕ್ಕೊಂಡಿದಾರೆ, ರೇಷ್ಮೆ ಸೀರೆ ಮುದುರುತ್ತೆ ಅಂತ ಮುನಿಸು ಇದೆ. ಇರಲಿ. ನಿಮ್ಮ ಮನೆ ಹಿರಿಯರನ್ನ ನೀವು ಹೇಗೆ ಒಪ್ಪಿಸಿದ್ರಿ? ಬರೀರಿ, ನನಗೆ ನಿಜಕ್ಕೂ ಬೇಕಿದೆ.