ಪ್ಯಾರಿಸ್ಸಿನಲ್ಲಿ ಒಂದು ಹಗಲು, ಎರಡು ಊಟ

ಮುಂಬಯಿಯ ಕನ್ನಡಿಗನಿಗೆ ಪರಭಾಷೆಯೆಂಬುದು ಅಂಜಿಕೆ ಹುಟ್ಟಿಸುವ ಸಂಗತಿಯಲ್ಲ. ಮನೆಯಲ್ಲಿ ಕನ್ನಡ ಅಥವಾ ತುಳು, ಹಾಲಿನವನೊಡನೆ ಹಿಂದಿ, ತರಕಾರಿಯವಳೊಡನೆ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ – ಹೀಗೆ ದಿನವೊಂದಕ್ಕೆ ನಾಲ್ಕು ಭಾಷೆಗಳಲ್ಲಿ ಬದುಕುವವನು ಅವನು. ಆದುದರಿಂದಲೋ ಏನೋ, ಮಾಟುಂಗಾದ ಆ ಕುಟುಂಬ 2025ರ ಜೂನ್ ತಿಂಗಳಿನಲ್ಲಿ ಪ್ಯಾರಿಸ್ಸಿಗೆ ಹೊರಟಾಗ ಭಾಷೆಯ ವಿಚಾರವನ್ನು ಯಾರೂ ಎತ್ತಲಿಲ್ಲ. ಮೊಣಕಾಲಿಗೆ ಹಚ್ಚುವ ಎಣ್ಣೆ, ಅವಲಕ್ಕಿ, ಉಪ್ಪಿನಕಾಯಿ ಇವುಗಳ ಚರ್ಚೆಯಷ್ಟೇ ನಡೆಯಿತು.

ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಕಾಲೇಜಿನ ದಿನಗಳಲ್ಲಿ ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ವನ್ನು ಓದಿದಂದಿನಿಂದ ಯುರೋಪನ್ನು ಕಾಣುವ ಹಂಬಲ ಹೊತ್ತವರು. ಒಂದು ಪುಟ್ಟ ಪುಸ್ತಕದಲ್ಲಿ ನೋಡಬೇಕಾದುದೆಲ್ಲವನ್ನೂ ಗಂಟೆ ನಿಮಿಷಗಳ ಸಹಿತ ಬರೆದುಕೊಂಡಿದ್ದರು. (ಪ್ರವಾಸದಲ್ಲಿ ಪಟ್ಟಿ ಮಾಡುವವರು ಹೆಚ್ಚಾಗಿ ನೋಡುವುದು ಪಟ್ಟಿಯನ್ನೇ.) ಅವರ ಪತ್ನಿಗೆ ಮೊಣಕಾಲು ನೋವು. ಮಗ, ಸೊಸೆ ದಾರಿ ಹುಡುಕುವ ಕೆಲಸದವರು. ಹನ್ನೊಂದು ವರ್ಷದ ಮೊಮ್ಮಗಳು ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಪೀಳಿಗೆಗೆ ಸೇರಿದವಳು. ಶಾಲೆಯಲ್ಲಿ ಆಯ್ದುಕೊಂಡದ್ದು ಫ್ರೆಂಚ್. ರಜೆಯಲ್ಲಿ ಅಜ್ಜಿ ಹೇಳಿಕೊಡುತ್ತಿದ್ದ ಕನ್ನಡ ಸ್ವರಗಳನ್ನು ದಾಟಿ ಮುಂದೆ ಹೋಗಿರಲಿಲ್ಲ.

ಬೆಳಿಗ್ಗೆ ಲೂವ್ರ್. ಮೋನಾಲಿಸಾ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲದ ಚಿತ್ರ. ಎದುರಿಗಿದ್ದ ಜನಸಮೂಹವಾದರೋ ದಾದರ್ ನಿಲ್ದಾಣದ್ದು. ಅದರ ವಿಚಾರ ಅಷ್ಟು ಸಾಕು.

ಮಧ್ಯಾಹ್ನದ ಊಟಕ್ಕೆ ಸೇನ್ ನದಿಯ ಎಡದಂಡೆಯ ಒಂದು ಹೋಟೆಲು. ಎರಡೂವರೆಯ ಸುಮಾರಿಗೆ ಅಲ್ಲಿನ ಬಹುತೇಕ ಅಡುಗೆಮನೆಗಳು ಮುಚ್ಚುತ್ತವೆಯೆಂದು ಅವಸರದಲ್ಲಿ ಹೊಕ್ಕರು. ನೀರು ಕೇಳಿದರೆ ಮಾಣಿ ಬಾಟಲಿ ತಂದಿಟ್ಟ. ‘ಕರಾಫ್’ ಎಂದು ಕೇಳಿದವರಿಗೆ ನಲ್ಲಿಯ ನೀರನ್ನು ಹೂಜಿಯಲ್ಲಿ ಪುಕ್ಕಟೆಯಾಗಿ ಕೊಡುವುದು ಆ ದೇಶದ ಕ್ರಮ. ಆ ಒಂದು ಶಬ್ದ ಅವರಲ್ಲಿರಲಿಲ್ಲ. ಪಟ್ಟಿಯಲ್ಲಿ ಈರುಳ್ಳಿಯ ಸೂಪು ಕಂಡಿತು. ಈರುಳ್ಳಿ, ಬ್ರೆಡ್ಡು, ಚೀಸು – ಸಂಶಯಕ್ಕೆ ಎಡೆಯೆಲ್ಲಿ? ಯಜಮಾನರು ಎರಡು ಚಮಚ ಕುಡಿದ ಮೇಲೆ ಮೊಮ್ಮಗಳು ತನ್ನ ಶಾಲೆಯ ಫ್ರೆಂಚನ್ನು ಪರೀಕ್ಷಿಸಲೆಂದು ಮಾಣಿಯನ್ನು ಏನೋ ಕೇಳಿದಳು. ಅವನು ಹೆಮ್ಮೆಯಿಂದಲೇ ವಿವರಿಸಿದ. ಹುಡುಗಿಯ ಮುಖ ಇಳಿಯಿತು. ಆ ಸೂಪಿಗೆ ಸಾಂಪ್ರದಾಯಿಕವಾಗಿ ಹಾಕುವುದು ಗೋಮಾಂಸ ಕುದಿಸಿದ ರಸ.

ಯಾರೂ ಮಾತಾಡಲಿಲ್ಲ. ಮಾಣಿಯದು ತಪ್ಪೆನ್ನುವಂತಿರಲಿಲ್ಲ, ಕೇಳದಿದ್ದುದನ್ನು ಅವನು ಹೇಳುವುದಾದರೂ ಹೇಗೆ? ಯಜಮಾನರು ಚಮಚವನ್ನು ಮೆಲ್ಲಗೆ ಕೆಳಗಿಟ್ಟು ಕೈ ತೊಳೆಯಲು ಎದ್ದುಹೋದರು. ಮರಳಿ ಬಂದಾಗ ಪತ್ನಿ, ‘‘ಗೊತ್ತಿಲ್ಲದೆ ಆದದ್ದಕ್ಕೆ ದೋಷವಿಲ್ಲ. ಬ್ರೆಡ್ಡು ತಿನ್ನಿ’’ ಎಂದು ಬುಟ್ಟಿಯನ್ನು ಅವರತ್ತ ಸರಿಸಿದರು. ಆದರೆ ಆ ಬಳಿಕ ಪುಟ್ಟ ಪುಸ್ತಕ ಜೇಬಿನಿಂದ ಹೊರಬಂದದ್ದು ಕಡಿಮೆ.

ಸೇಂತ್ ಶಪೆಲ್ 1248ರಲ್ಲಿ ಪ್ರತಿಷ್ಠಾಪನೆಗೊಂಡ ಪ್ರಾರ್ಥನಾಮಂದಿರ. ಮೇಲಂತಸ್ತಿನ ಹದಿನೈದು ಕಿಟಕಿಗಳ ಬಣ್ಣದ ಗಾಜಿನಲ್ಲಿ 1113 ದೃಶ್ಯಗಳಿವೆ. ಅಲ್ಲಿಗೇರುವ ಸುತ್ತುಮೆಟ್ಟಿಲು ಬಲು ಇಕ್ಕಟ್ಟು. ‘‘ನೀವೆಲ್ಲ ಹೋಗಿ ಬನ್ನಿ, ನಾನು ಇಲ್ಲೇ ಕೂತಿರುತ್ತೇನೆ’’ ಎಂದು ಆ ತಾಯಿ ಕೆಳಗುಳಿದರು. ಹಿಂದೆ ಮೇಲಿನದು ಅರಸನಿಗೆ, ಕೆಳಗಿನದು ಅರಮನೆಯ ಪರಿಚಾರಕರಿಗೆ ಮೀಸಲಾಗಿತ್ತೆಂಬುದನ್ನು ಯಜಮಾನರು ಓದಿಕೊಂಡಿದ್ದರು; ಆದರೆ ಹೇಳಲಿಲ್ಲ. ಇಂತಹ ವಿವೇಕ ಪುಸ್ತಕದಿಂದ ಬರುವುದಲ್ಲ.

ನೋತ್ರ್ ದಾಮ್ ಸಮೀಪದಲ್ಲಿಯೇ. 2019ರ ಏಪ್ರಿಲ್ 15ರ ಬೆಂಕಿಯಲ್ಲಿ ಅದರ ಓಕ್ ಮರದ ಮಾಡು ಸುಟ್ಟು ಗೋಪುರಶಿಖರ ಕುಸಿದಿತ್ತು. 2024ರ ಡಿಸೆಂಬರಿನಲ್ಲಿ ಮತ್ತೆ ತೆರೆಯಿತು. ತೊಳೆದ ಕಲ್ಲು ಒಳಗೆಲ್ಲ ಕೆನೆಬಣ್ಣಕ್ಕೆ ತಿರುಗಿ, ಎಂಟುನೂರು ವರ್ಷಗಳ ಕಟ್ಟಡ ನಿನ್ನೆ ಮುಗಿಸಿದಂತಿತ್ತು. ಮೇಣದಬತ್ತಿಗಳ ಎದುರು ಆ ತಾಯಿ ಬಹಳ ಹೊತ್ತು ಕುಳಿತಿದ್ದರು. ಅಲ್ಲಿ ಭಾಷೆ ಬೇಕಾಗಿರಲಿಲ್ಲ.

ಹಸಿವು ಮಾತ್ರ ಹಾಗಲ್ಲ. ಮಗ ಎಲ್ಲರನ್ನೂ ನಾಲ್ಕನೆಯ ಮಾರ್ಗದ ಮೆಟ್ರೋ ಹತ್ತಿಸಿ ಗಾರ್ ದ್ಯು ನೋರ್ ನಿಲ್ದಾಣದಲ್ಲಿ ಇಳಿಸಿದ. ಅಲ್ಲಿಂದ ಲಾ ಶಪೆಲ್‌ನತ್ತ ನಡೆದರೆ ಅಂಗಡಿಗಳ ಫಲಕಗಳಲ್ಲಿ ತಮಿಳು ಲಿಪಿ, ಮುಂದೆ ನುಗ್ಗೆಕಾಯಿ, ಬಾಳೆಕಾಯಿ. 1983ರ ಹಿಂಸಾಚಾರದ ತರುವಾಯ ಶ್ರೀಲಂಕೆಯನ್ನು ತೊರೆದ ತಮಿಳರು ಕಟ್ಟಿಕೊಂಡ ಪೇಟೆ ಅದು. ಒಂದು ಸಣ್ಣ ಹೋಟೆಲಿನಲ್ಲಿ ಕುಳಿತರು. ನರೆತ ತಲೆಯ ಮಾಣಿ ಬಂದ. ಬೆಳಗಿನಿಂದ ಹೊರಗಿನವರೊಡನೆ ಒಂದು ಮಾತನ್ನೂ ಆಡದಿದ್ದ ಆ ತಾಯಿ ತಮಿಳಿನಲ್ಲಿ ಕೇಳಿದರು: ‘‘ಮೀನ್ ಇರುಕ್ಕಾ ಇದಿಲೆ?’’

ನಲವತ್ತು ವರ್ಷ ಮಾಟುಂಗಾದ ಒಂದೇ ಕಟ್ಟಡದ ಪಡಸಾಲೆಯಲ್ಲಿ ನೆರೆಯ ತಮಿಳು ಹೆಂಗಸರೊಡನೆ ಹಪ್ಪಳ ಒಣಗಿಸುತ್ತ ಕಲಿತ ತಮಿಳು ಅದು. ಮನೆಯವರು ಅದನ್ನೊಂದು ವಿದ್ಯೆಯೆಂದು ಎಣಿಸಿರಲಿಲ್ಲ. ಮಾಣಿ ಬೆರಗಾಗಿ, ‘‘ನೀಂಗಳ್ ತಮಿಳ್ ಕದೈಪ್ಪೀಂಗಳಾ?’’ ಎಂದ. ಕಥೆ ಹೇಳಲು ಕೇಳುತ್ತಿದ್ದಾನೆಂದು ಆಕೆ ತಬ್ಬಿಬ್ಬಾದರು. ಯಾಳ್ಪಾಣದ ತಮಿಳಿನಲ್ಲಿ ಮಾತಾಡುವುದಕ್ಕೇ ‘ಕದೈ’ ಎನ್ನುತ್ತಾರೆಂದು ತಿಳಿದಾಗ ಇಬ್ಬರೂ ನಕ್ಕರು. ಸೊದಿಯಲ್ಲಿ ಮೀನಿಲ್ಲ, ಕೇವಲ ತೆಂಗಿನ ಹಾಲು. ಕಾಯಿಯ ಸಂಬಲಿನಲ್ಲಿ ಮಾತ್ರ ಒಣಮೀನಿನ ಪುಡಿ ಇದೆ, ಅದಿಲ್ಲದೆ ಬೇರೆ ಮಾಡಿಸಿ ತರುತ್ತೇನೆ ಎಂದ. ಬಂದ ಇಡಿಯಾಪ್ಪಂ ಊರಿನ ಒತ್ತುಶ್ಯಾವಿಗೆಯೇ. ಯಜಮಾನರು ಪತ್ನಿಯ ಮುಖ ನೋಡಿದರು; ಆಕೆ ತಲೆಯಾಡಿಸಿದ ಮೇಲೆ ಕೈ ಹಾಕಿದರು. ಆತನಿಗೂ ಆಕೆಗೂ ಊರು, ಮಕ್ಕಳು ಎಂದು ಮಾತು ಬೆಳೆಯಿತು. ತಾಯಿ ಇದ್ದಾರೆಯೇ ಎಂದು ಕೇಳಿದಾಗ ಮಾತ್ರ ಅವನು ಉತ್ತರಿಸದೆ ಖಾಲಿ ತಟ್ಟೆಗಳನ್ನು ಜೋಡಿಸತೊಡಗಿದ.

ಮೊಮ್ಮಗಳು ಅಜ್ಜಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

‘‘ಅಜ್ಜಿ, ನೀರಿಗೆ ಅವರು ಏನಂತಾರೆ?’’ ಪ್ರಶ್ನೆ ಕನ್ನಡದಲ್ಲಿತ್ತು.

‘‘ತಣ್ಣಿ.’’

‘‘ಅದು ನಮ್ಮ ತಣ್ಣೀರು ಅಲ್ವಾ?’’

ಐಫೆಲ್ ಗೋಪುರ ಇನ್ನೂ ಬಾಕಿಯಿತ್ತು. ಒಂಬತ್ತು ಗಂಟೆಯಾದರೂ ಹೊರಗೆ ಬಿಸಿಲಿತ್ತು; ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಹತ್ತರ ಸುಮಾರಿಗೆ. ಯಜಮಾನರು ಗಡಿಯಾರ ನೋಡಿಕೊಂಡು, ಇನ್ನೊಂದು ಸೌಟು ಸೊದಿ ಬಡಿಸಿಕೊಂಡರು.