ಕಣ್ಣಿಗೆ ತುಕ್ಕು ಹಚ್ಚಿಕೊಂಡಿದ್ದು

ಎಥ್ನಿಕ್ ಡೇ ಬೆಳಿಗ್ಗೆ ಹಾಸ್ಟೆಲ್ ಕನ್ನಡಿ ಮುಂದೆ ಕ್ಯೂ. ಸೀರೆ ಅಮ್ಮನದು, ಐಶ್ಯಾಡೋ ಮಾತ್ರ ನಂದು, ಹೊಸದು. ಡಬ್ಬಿ ಮೇಲೆ ‘ಮಿನರಲ್’ ಅಂತ ಇತ್ತು, ಅಷ್ಟು ನೋಡಿಯೇ ತಗೊಂಡಿದ್ದೆ. ಪುಡಿಗೆ ಬ್ರಶ್ ಅದ್ದಿ ಹಾಗೇ ರೆಪ್ಪೆ ಮೇಲೆ ಉಜ್ಜಿದೆ. ಅರ್ಧ ಕೆನ್ನೆಗೆ ಉದುರಿತು, ಸ್ವಲ್ಪ ಕಣ್ಣೊಳಗೆ, ಕಾಂಟ್ಯಾಕ್ಟ್ ಲೆನ್ಸ್ ಅಡಿಗೆ. ಗ್ರೂಪ್ ಫೋಟೋದಲ್ಲಿ ನನ್ನ ಒಂದು ಕಣ್ಣು ಮಾತ್ರ ಅತ್ತ ಹಾಗಿದೆ.

ರಾತ್ರಿ ಲೆನ್ಸ್ ತೆಗೆದಿಟ್ಟು, ಕನ್ನಡಕ ಹಾಕ್ಕೊಂಡು ಡಬ್ಬಿಯ ಹಿಂಭಾಗ ಓದಿದೆ. ಮೈಕಾ, ಅಂದ್ರೆ ಅಭ್ರಕ, ಹೊಳಪು ಅದರದ್ದು. ಟೈಟಾನಿಯಂ ಡೈಆಕ್ಸೈಡ್, ಗೋಡೆ ಪೇಂಟಿಗೂ ಹಾಕೋ ಬಿಳಿ. ಕಂದು ಬಣ್ಣಕ್ಕೆ ಐರನ್ ಆಕ್ಸೈಡ್. ಕೆಮಿಸ್ಟ್ರಿಯಲ್ಲಿ ಓದಿದ್ದ ತುಕ್ಕಿನ ದಾಯಾದಿ!

ಅಜ್ಜಿಗೆ ಫೋನ್ ಮಾಡಿ ಹೇಳಿದೆ. “ನೀನು ಕೂಸಿದ್ದಾಗ ಹರಳೆಣ್ಣೆ ದೀಪದ ಮಸಿಗೆ ತುಪ್ಪ ಕಲಸಿ ಹಚ್ತಿದ್ದೆ, ಏನಾಗಿತ್ತು?” ಅಂದ್ರು. ವಾದ ಮಾಡೋಕೆ ಮುಖ ಇರಲಿಲ್ಲ. ಆದ್ರೆ ಸಾಂಪ್ರದಾಯಿಕ ಸುರ್ಮಾದಲ್ಲಿ ಎಷ್ಟೋ ಸಲ ಇರೋದು ಗೆಲೀನಾ, ಸೀಸದ ಅದಿರು. ಅದೂ ಮಿನರಲ್ಲೇ, ಸೀಸ ವಿಷ ಕೂಡ. ಹಾಗಾದ್ರೆ ಆ ಒಂದು ಪದ ನೋಡಿ ನಾನು ನಂಬಿದ್ದಾದ್ರೂ ಏನನ್ನ?

ಈಗ ಮೊದಲು ಲೆನ್ಸ್, ಆಮೇಲೆ ಮೇಕಪ್. ರೆಪ್ಪೆಗೆ ತೆಳುವಾಗಿ ಪ್ರೈಮರ್. ಪುಡಿ ಮುಚ್ಚಳಕ್ಕೆ ಚಿಟಿಕೆಯಷ್ಟೇ. ಬ್ರಶ್ ತಟ್ಟಿ, ಉಜ್ಜದೆ ಒತ್ತೋದು. ಕಣ್ಣು ಕೆಂಪಾಗಿದ್ರೆ ಅವತ್ತು ಏನೂ ಇಲ್ಲ, ಕನ್ನಡಕವೇ.

ಮೊನ್ನೆ ರೂಮ್‌ಮೇಟ್ ಫೆಸ್ಟಿಗೆ ಅಂತ ಕೇಳಿದ್ಲು. ಪುಡಿ ಬೇರೆ ಮುಚ್ಚಳಕ್ಕೆ ಸುರಿದು ಕೊಟ್ಟೆ. ಬ್ರಶ್ ಕೊಡಲಿಲ್ಲ, ಕಣ್ಣಿನ ಸೋಂಕು ಹಾಗೇ ದಾಟುತ್ತೆ. ಜಿಪುಣಿ ಅಂದ್ಲು.