ಮರಳಲು ಊರಿಲ್ಲದವರ ಊರು

ಕಲ್ಯಾಣ ಜಂಕ್ಷನ್ನಿನಲ್ಲಿ ರೈಲು ಹತ್ತುವ ಡೊಂಬಿವಲಿ, ಠಾಣೆಯ ಕನ್ನಡಿಗರಿಗೆ ಹೋಗಿಬರಲು ಒಂದು ಊರಿರುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಉಲ್ಲಾಸನಗರವನ್ನು ಕಟ್ಟಿದವರಿಗೆ ಆ ಭಾಗ್ಯವಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಇಲ್ಲಿ ಸೈನಿಕರಿಗಾಗಿ ಸಾಲು ಸಾಲು ಬ್ಯಾರಕ್ ಕಟ್ಟಿಸಿದರು. ಯುದ್ಧ ಮುಗಿಯಿತು, ಸಿಪಾಯಿಗಳು ಹೊರಟರು. 1947ರಲ್ಲಿ ದೇಶ ಒಡೆದಾಗ ಪಂಜಾಬ್, ಬಂಗಾಳಗಳ ಒಂದು ಪಾಲಾದರೂ ಭಾರತದಲ್ಲಿ ಉಳಿಯಿತು. ಸಿಂಧ್ ಇಡಿಯಾಗಿ ಪಾಕಿಸ್ತಾನಕ್ಕೆ ಹೋಯಿತು. ಸುಮಾರು ಒಂದು ಲಕ್ಷ ಸಿಂಧಿ ನಿರಾಶ್ರಿತರು ಈ ಬ್ಯಾರಕ್‌ಗಳಿಗೆ ಬಂದರು. ಒಂದೊಂದರಲ್ಲೂ ಹಲವು ಸಂಸಾರ.

1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಹೊಸ ಊರಿಗೆ ಶಂಕುಸ್ಥಾಪನೆ ಮಾಡಿದರು. ಪಕ್ಕದ ಉಲ್ಲಾಸ್ ನದಿಯ ಹೆಸರೇ ಊರಿಗೂ ಬಂತು.

ಫ್ರಾನ್ಸಿನ ಒರಾದೂರ್-ಸುರ್-ಗ್ಲಾನ್ ಹಳ್ಳಿಯನ್ನು 1944ರಲ್ಲಿ ನಾಜಿ ಪಡೆ ಸುಟ್ಟಿತು. ಫ್ರೆಂಚರು ಆ ಪಾಳುಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು ಪಕ್ಕದಲ್ಲೇ ಹೊಸ ಊರು ಕಟ್ಟಿದರು. ಉಲ್ಲಾಸನಗರದವರ ಹಳೆಯ ಮನೆಗಳು ಗಡಿಯಾಚೆ ಉಳಿದವು. ಕಾಪಾಡಿಕೊಳ್ಳಲು ಪಾಳುಗೋಡೆಯೂ ಇರಲಿಲ್ಲ. ಬ್ಯಾರಕ್‌ಗಳ ಜಾಗದಲ್ಲಿ ಅಂಗಡಿ, ಕಾರ್ಖಾನೆ, ಮಹಡಿಮನೆಗಳೆದ್ದವು. ಆದರೂ ವಿಳಾಸ ಕೇಳಿದರೆ ಅಲ್ಲಿಯ ಜನ ಇಂದಿಗೂ ಕ್ಯಾಂಪ್ ನಂಬರನ್ನೇ ಹೇಳುತ್ತಾರೆ.